ಅಮೆರಿಕದ ಕೆಂಪು ವೈನ್ ಮಿಶ್ರಣವನ್ನು ಅರಿಯುವುದು ಹೇಗೆ?

ಕ್ಯಾಲಿಫೋರ್ನಿಯಾದ ಬಾಟಲಿಯೊಂದರ ಮೇಲೆ ದ್ರಾಕ್ಷಿಯ ಹೆಸರೇ ಇಲ್ಲದೆ ‘ರೆಡ್ ವೈನ್’ ಎಂದಷ್ಟೇ ಇದ್ದರೆ ಅದನ್ನು ಕೀಳು ಸರಕೆಂದು ಬದಿಗಿಡಬೇಡಿ. ಅಮೆರಿಕದ ಕೇಂದ್ರ ನಿಯಮದಂತೆ ಲೇಬಲ್‌ನಲ್ಲಿ ಒಂದೇ ತಳಿಯನ್ನು ಹೆಸರಿಸಬೇಕಾದರೆ ಸಾಮಾನ್ಯವಾಗಿ ಅದರ ಪಾಲು ಕನಿಷ್ಠ ಶೇ 75ರಷ್ಟಿರಬೇಕು. ಹೀಗಾಗಿ, ಹದಕ್ಕಾಗಿ ಯಾವ ತಳಿಯನ್ನೂ ಅಷ್ಟು ಪ್ರಮಾಣದಲ್ಲಿ ಬಳಸದ ಉತ್ತಮ ವೈನುಗಳೂ ಹೆಸರಿಲ್ಲದ ಸಾಲಿಗೆ ಸೇರಿಬಿಡುತ್ತವೆ. ಬೆರಕೆಯೆಂದರೆ ಕಲಬೆರಕೆಯಲ್ಲ.

ಮೊದಲು ಬಾಟಲಿಯ ಹಿಂಬದಿಯ ಲೇಬಲ್ ಓದಿ, ಮಿಶ್ರಣದ ಮೂಲ ಫ್ರಾನ್ಸಿನ ಯಾವ ಪ್ರಾಂತ್ಯದ್ದೆಂದು ಗುರುತಿಸಿ. ಕ್ಯಾಬರ್ನೆ ಸೊವಿನ್ಯೋ, ಮೆರ್ಲೋ, ಕ್ಯಾಬರ್ನೆ ಫ್ರಾಂಕ್, ಮಾಲ್ಬೆಕ್, ಪೆಟಿ ವರ್ಡೋ ಎಂಬ ಹೆಸರುಗಳಿದ್ದರೆ ಅದು ಬೋರ್ಡೊ ಪರಂಪರೆ. ಅಲ್ಲಿ ಜಿರೋಂಡ್ ನದೀಮುಖದ ಎಡದಂಡೆಯ ಹರಳುಕಲ್ಲಿನ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋ ಪ್ರಧಾನವಾದರೆ, ಬಲದಂಡೆಯ ಜೇಡಿಮಣ್ಣಿನಲ್ಲಿ ಮೆರ್ಲೋ ಮೇಲುಗೈ ಪಡೆಯುತ್ತದೆ. ಅಟ್ಲಾಂಟಿಕ್‌ನ ಮಳೆ ಯಾವಾಗ ಬಂದು ಬೆಳೆ ಕೆಡಿಸೀತೆಂದು ತಿಳಿಯದ ಆ ಸೀಮೆಯಲ್ಲಿ, ಬೇಗ ಹಣ್ಣಾಗುವ ಮೆರ್ಲೋವನ್ನೂ ತಡವಾಗಿ ಹಣ್ಣಾಗುವ ಕ್ಯಾಬರ್ನೆಯನ್ನೂ ಒಟ್ಟಿಗೆ ಬೆಳೆಯುವುದು ರೈತನಿಗೆ ಆಸರೆಯೂ ಹೌದು. ಬಿಸಿಲು ಧಾರಾಳವಾಗಿರುವ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಆ ಭಯ ಕಡಿಮೆ. ಅಲ್ಲಿನವರು ಬೆರೆಸುವುದು ಹೆಚ್ಚಾಗಿ ರುಚಿಗಾಗಿಯೇ. ಈ ವ್ಯತ್ಯಾಸವೇ ಇಡೀ ವಿಷಯದ ತಿರುಳೆಂದು ನನ್ನ ಭಾವನೆ. ನಾಪಾದ ವೈನ್ ತಯಾರಕ ರಾಬರ್ಟ್ ಮೊಂಡಾವಿ ಹಾಗೂ ಬೋರ್ಡೊದ ವೈನ್ ತಯಾರಕ ಬ್ಯಾರನ್ ಫಿಲಿಪ್ ದ ರಾತ್‌ಶೀಲ್ಡ್ ಜೊತೆಗೂಡಿ 1979ರ ಫಸಲಿನಿಂದ ಆರಂಭಿಸಿದ ‘ಓಪಸ್ ಒನ್’ ನಾಪಾದ ಇಂಥ ಮಿಶ್ರಣಕ್ಕೆ ಪ್ರಸಿದ್ಧ ಉದಾಹರಣೆ.

‘ಮೆರಿಟೇಜ್’ ಎಂಬ ಪದ ಕಂಡರೆ ಕೆಲಸ ಸುಲಭ. 1988ರಲ್ಲಿ ಹುಟ್ಟಿದ ಈ ಹೆಸರನ್ನು ಬಳಸುವ ಕೆಂಪು ವೈನಿನಲ್ಲಿ ಬೋರ್ಡೊ ತಳಿಗಳ ಪೈಕಿ ಕನಿಷ್ಠ ಎರಡಿರಬೇಕು, ಯಾವುದೊಂದೂ ಶೇ 90ನ್ನು ಮೀರಬಾರದು. ಉಚ್ಚಾರಣೆ ‘ಹೆರಿಟೇಜ್’ಗೆ ಪ್ರಾಸವಾಗುವಂತೆ.

ಗ್ರೆನಾಶ್, ಸಿರಾ, ಮುರ್ವೆದ್ರ್ ಕಂಡರೆ ಮೂಲ ರೋನ್ ಕಣಿವೆಯದು. ಅಲ್ಲಿನ ವೈನ್ ತೋಟ ಶಾತೊ ದ ಬೊಕಾಸ್ಟೆಲ್‌ನ ಪೆರಾಂ ಕುಟುಂಬ 1989ರಲ್ಲಿ ಕ್ಯಾಲಿಫೋರ್ನಿಯಾದ ಪಾಸೊ ರೋಬ್ಲೆಸ್ ಬಳಿ ಪಾಲುದಾರಿಕೆಯಲ್ಲಿ ಸ್ಥಾಪಿಸಿದ ‘ಟಾಬ್ಲಾಸ್ ಕ್ರೀಕ್’ ತೋಟಕ್ಕೆ ಬಳ್ಳಿಗಳನ್ನೇ ಫ್ರಾನ್ಸಿನಿಂದ ತಂದು, ರೋಗತಪಾಸಣೆಯ ವರ್ಷಗಳು ಮುಗಿದ ಬಳಿಕ ನೆಡಲಾಯಿತು.

ಇನ್ನು ರುಚಿ. ವೈನ್ 16–18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಸೆಕೆಯ ಊರಿನಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡುವುದೇ ಸರಿ. ಎರಡೂ ಪರಂಪರೆಯ ವೈನುಗಳನ್ನು ಅಕ್ಕಪಕ್ಕದಲ್ಲಿಟ್ಟು, ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಗುಟುಕು ಗುಟುಕಾಗಿ ಹೋಲಿಸಿ. ವಸಡಿಗೆ ಹಿಡಿಯುವ ಒಗರು ಹೆಚ್ಚಾಗಿ ಕ್ಯಾಬರ್ನೆಯದು, ಅದನ್ನು ನಯಗೊಳಿಸುವ ಮಾಗಿದ ಹಣ್ಣಿನ ಮೃದುತ್ವ ಮೆರ್ಲೋದ್ದು. ಕಾಳುಮೆಣಸಿನ ಘಮ ಸಿರಾದ ಗುರುತು. ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ಸವಿದರೆ, ಹಿಂದಿನ ರಾತ್ರಿಯ ಒಗರು ಎಷ್ಟು ತಗ್ಗಿದೆಯೆಂಬುದು ನಾಲಿಗೆಗೇ ತಿಳಿಯುತ್ತದೆ.