ಮಾತಿಗಿಂತ ಮೊದಲು ಅಂಕ

ಧಾರವಾಡದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಆಗಾಗ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರನ್ನು ಆರಿಸುವ ಆಯ್ಕೆ ಸಮಿತಿಗೆ ವಿಷಯ ತಜ್ಞನಾಗಿಯೂ ಹೋಗುತ್ತೇನೆ. ನನ್ನ ಹೆಸರು ಹೇಗೋ ಹೊರಗೆ ಬಿದ್ದಿರುತ್ತದೆ. "ನಮ್ಮ ಹುಡುಗ ಬರಾಕತ್ತಾನ್ರಿ ಸರ್, ಒಂಚೂರು ನೋಡ್ರಿ" ಅಂತ ಫೋನ್ ಶುರು. "ಪಾಠ ಚಲೋ ಮಾಡಿದ್ರ ನೋಡ್ತೀನ್ರಿ" ಅಂದು ಇಟ್ಟುಬಿಡುತ್ತೇನೆ.

ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಅಂಕದ ಪಟ್ಟಿ ಇದೆ. ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ 30. ಲೇಖನ ರಾಶಿ ಹಾಕಿದರೂ 10ರ ಮೇಲಿಲ್ಲ. ಆದರೆ ಈ ಲೆಕ್ಕವೆಲ್ಲ ಸಂದರ್ಶನದ ಬಾಗಿಲತನಕ ಮಾತ್ರ. ಒಳಗೆ ಬಂದ ಮೇಲೆ ಸಂದರ್ಶನವೇ ಎಲ್ಲ. ವಶೀಲಿ ನುಸುಳುವುದೂ ಅಲ್ಲೇ. ಮೀಸಲಾತಿಯಿಂದ ಮೆರಿಟ್ ಹಾಳಾಯ್ತು ಅನ್ನುವವರು ಜಾಸ್ತಿ. ಮೀಸಲು ಹುದ್ದೆ ಯಾವುದು ಅಂತ ಜಾಹೀರಾತಿನಲ್ಲೇ ಅಚ್ಚಾಗಿರುತ್ತದೆ, ಫೋನ್ ಕರೆ ಎಲ್ಲೂ ಅಚ್ಚಾಗುವುದಿಲ್ಲ, ಅಲ್ವಾ?

ಆದ್ದರಿಂದ ಹೋದ ಕೂಡಲೇ ಅಧ್ಯಕ್ಷರ ಹತ್ತಿರ ಒಂದು ಮಾತು ಕೇಳುತ್ತೇನೆ. ಅಭ್ಯರ್ಥಿ ಎದ್ದು ಹೋದ ತಕ್ಷಣ ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಪೆನ್ನಿನಿಂದ ಅಂಕ ಬರೆದು ಸಹಿ ಮಾಡಬೇಕು. ಚರ್ಚೆ ಆಮೇಲೆ. ಇಲ್ಲದಿದ್ದರೆ ಹಿರಿಯರೊಬ್ಬರು "ಹುಡುಗ ಶಾಣ್ಯಾ ಅದಾನ" ಅಂದರೆ ಸಾಕು, ಉಳಿದವರ ಪೆನ್ನೂ ಅತ್ತಲೇ ವಾಲುತ್ತದೆ. ಅಂಕ ತಿದ್ದಬೇಕೆಂದರೆ ಹಳೆಯದನ್ನು ಗೀಟು ಹಾಕಿ, ಕಾರಣ ಬರೆಯಬೇಕು.

ಇನ್ನೊಂದು, ವಿದ್ಯಾರ್ಥಿಗಳ ಮುಂದೆ ಪಾಠ. ಎಲ್ಲರಿಗೂ ಒಂದೇ ವಿಷಯ. ಹುಬ್ಬಳ್ಳಿಯಲ್ಲಿ ಒಮ್ಮೆ ಜೇಡರಬಲೆ ಸಿದ್ಧಾಂತ ಕೊಟ್ಟಿದ್ದೆ: ಹೋದ ಹಂಗಾಮಿನ ರೇಟ್ ನೋಡಿ ರೈತ ಈ ಸಲ ಬಿತ್ತುತ್ತಾನೆ, ಹಾಗಾಗಿ ರೇಟ್ ಏರುತ್ತಾ ಇಳಿಯುತ್ತಾ ಇರುತ್ತದೆ. ಗದಗ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಉಳ್ಳಾಗಡ್ಡಿ ಹಾಕಿ ಪ್ರತಿಸಲ ಮೋಸ ಹೋದ ಮೇಲೂ ಹಳೇ ರೇಟೇ ಯಾಕ ನೋಡ್ತಾರ್ರಿ?" ಪ್ರಕಟಣೆಗಳ ದಪ್ಪ ಫೈಲ್ ತಂದಿದ್ದ ಅಭ್ಯರ್ಥಿ "ಅದು ಸಿಲಬಸ್‌ನಲ್ಲಿಲ್ಲ" ಅಂದು ಮುಂದೆ ಹೋದರು. ಅದೇ ಪ್ರಶ್ನೆಯನ್ನು ಮುಂದಿನವರಿಗೂ ಕೇಳಲು ಅವಳಿಗೆ ಹೇಳಿದೆ. ಆ ಅಭ್ಯರ್ಥಿ ಸೀಮೆಸುಣ್ಣ ಕೆಳಗಿಟ್ಟು ಯೋಚಿಸಿದರು. "ಈ ಸಿದ್ಧಾಂತದ ದೊಡ್ಡ ಕೊರತೆಯೇ ಅದು" ಅಂದು, 1961ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮ್ಯೂತ್ ಎತ್ತಿದ ತಕರಾರನ್ನು, ಅಂದರೆ ಜನ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾ ಕೂರುವುದಿಲ್ಲ ಅನ್ನುವುದನ್ನು, ಸರಳವಾಗಿ ಬಿಡಿಸಿಟ್ಟರು. ನನ್ನ ಹಾಳೆಯಲ್ಲಿ ಅವರಿಗೇ ಹೆಚ್ಚು ಬಿತ್ತು. ಉಳಿದ ತಜ್ಞರ ಹಾಳೆಗಳಲ್ಲೂ ಹಾಗೇ ಇತ್ತು.

ಎಲ್ಲ ಕಡೆ ಇದು ನಡೆಯುವುದಿಲ್ಲ. "ನಿಮ್ಮ ಹಾಳೆ ನಿಮ್ಮತ್ರಾನೇ ಇರ್ಲಿ ಸರ್" ಅಂತ ನಕ್ಕವರೂ ಇದ್ದಾರೆ. ಅಂಥಲ್ಲಿ ನಡಾವಳಿಯ ಮೇಲೆ ಭಿನ್ನಾಭಿಪ್ರಾಯ ಬರೆದೇ ಸಹಿ ಹಾಕುತ್ತೇನೆ. ಅವರು ಮತ್ತೆ ಕರೆದಿಲ್ಲ.