ಆಟದ ನಿಯಮ ಬರೀತಿದ್ದೀರಾ? ‘ಅವನು’ ಬಿಟ್ಟು ಬರೆಯುವುದು ಹೀಗೆ

ಮೈಸೂರು, ಮಂಡ್ಯ ಕಡೆ ಮನೆಗಳಲ್ಲಿ ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರಕ್ಕೆ ಕೂರುವವರು ಯಾರು? ಅಜ್ಜಿ, ಅತ್ತೆ, ದಸರಾ ರಜೆಗೆ ಬಂದ ಮೊಮ್ಮಕ್ಕಳು. ಹೆಣ್ಣುಮಕ್ಕಳೇ ಜಾಸ್ತಿ, ಅಲ್ವಾ? ಆದರೆ ಅದೇ ಆಟವನ್ನು ಹಾಸು, ಕವಡೆ ಸಮೇತ ಡಬ್ಬಿಗೆ ಹಾಕಿ ಜೊತೆಗೊಂದು ನಿಯಮದ ಹಾಳೆ ಬರೆಯಲು ಕೂತರೆ ಸಾಕು, ‘ಆಟಗಾರನು ಕವಡೆ ಎಸೆಯುತ್ತಾನೆ’ ಎಂದೇ ಶುರುವಾಗುತ್ತದೆ. ‘ಆಟಗಾರ ಅಂದ್ರೆ ಎಲ್ಲರೂ ಸೇರಿದ ಹಾಗೆ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹಾಳೆ ಓದುವ ಹುಡುಗಿಗೆ ಇದು ಬೇರೆ ಯಾರಿಗೋ ಬರೆದದ್ದು ಅನ್ನಿಸಬಾರದು.

ಇಂಗ್ಲಿಷಿನಲ್ಲೂ ಈ ಜಗ್ಗಾಟ ನಡೆದಿದೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ, ಒಬ್ಬೊಬ್ಬರೂ ಕತೆಯ ಒಂದೊಂದು ಪಾತ್ರವಾಗಿ ಆಡುವಂಥದ್ದು. ಅದರ 1974ರ ನಿಯಮಗಳಲ್ಲಿ ಆಡುವವರೆಲ್ಲ ‘ಹಿ’ (ಅವನು). 2000ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಯೋಧ, ಮಾಂತ್ರಿಕ ಮುಂತಾದ ಒಂದೊಂದು ಬಗೆಗೂ ಒಬ್ಬ ಮಾದರಿ ಪಾತ್ರ ಇಟ್ಟು, ಆ ಪಾತ್ರ ಹೆಣ್ಣಾದರೆ ‘ಶಿ’ (ಅವಳು), ಗಂಡಾದರೆ ‘ಹಿ’ ಎಂದು ಬರೆದರು. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟದಲ್ಲಿ, ಕಾರ್ಡುಗಳ ಮೇಲೆ 2018ರ ಡೊಮಿನೇರಿಯಾ ಕಂತಿನಿಂದ ‘ಹಿ ಆರ್ ಶಿ’ ಹೋಗಿ ‘ದೇ’ (ಅವರು) ಬಂತು. ಕನ್ನಡದಲ್ಲಿ ಅಷ್ಟು ಮಾಡಿದರೆ ಸಾಲದು. ‘ಅವನು’ ಅಳಿಸಿದರೂ ‘ಎಸೆಯುತ್ತಾನೆ’ಯ ಬಾಲದಲ್ಲಿ ಅವನು ಉಳಿದೇ ಇರುತ್ತಾನೆ. ಹಾಗಾಗಿ ವಾಕ್ಯವನ್ನೇ ಬೇರೆ ರೀತಿ ಕಟ್ಟಬೇಕು.

ಮೊದಲು, ಓದುವವರನ್ನೇ ನೇರವಾಗಿ ಮಾತಾಡಿಸಿ. ‘ನಿಮ್ಮ ಸರದಿ ಬಂದಾಗ ನಾಲ್ಕೂ ಕವಡೆ ಎಸೆಯಿರಿ.’ ಮುಕ್ಕಾಲು ಪಾಲು ಕೆಲಸ ಇಲ್ಲೇ ಮುಗಿಯುತ್ತದೆ. ಮಕ್ಕಳ ಆಟವಾದರೆ ‘ನೀನು’ ಕೂಡ ನಡೆಯುತ್ತದೆ, ಆದರೆ ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬೇಡಿ.

ಎರಡನೆಯದು ನನಗೆ ತುಂಬಾ ಇಷ್ಟವಾದ ದಾರಿ: ‘ಬೇಕು’, ‘ಬಹುದು’, ‘ಬಾರದು’. ಇವಕ್ಕೆ ಹೆಣ್ಣು ಗಂಡು ಎಂಬುದೇ ಇಲ್ಲ. ಅದಕ್ಕಿಂತ ದೊಡ್ಡ ಲಾಭ, ನಿಯಮ ಬಿಗಿಯಾಗುತ್ತದೆ. ‘ನಾಲ್ಕು ಅಥವಾ ಎಂಟು ಬಿದ್ದರೆ ಆಟಗಾರ ಇನ್ನೊಮ್ಮೆ ಎಸೆಯುತ್ತಾನೆ’ ಎಂದು ಬರೆದರೆ, ಎಸೆಯಲೇಬೇಕಾ, ಬೇಡ ಅಂದರೆ ಬಿಡಬಹುದಾ ಗೊತ್ತಾಗುವುದಿಲ್ಲ. ಜಗಳ ಹುಟ್ಟುವುದೇ ಇಲ್ಲಿ. ‘ಎಸೆಯಬೇಕು’ ಅಥವಾ ‘ಎಸೆಯಬಹುದು’ ಎಂದು ಬರೆಯಲು ಹೊರಟಾಗ ನೀವೇ ಕೂತು ತೀರ್ಮಾನ ಮಾಡಬೇಕಾಗುತ್ತದೆ. ‘ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗಬಾರದು.’ ಎಷ್ಟು ಸ್ಪಷ್ಟ ನೋಡಿ.

ಒಂದೇ ವಾಕ್ಯದಲ್ಲಿ ಇಬ್ಬರು ಬಂದಾಗ ಕಷ್ಟ. ‘ಅವರು ಅವರ ಕಾಯಿ ಹೊಡೆದರೆ ಅವರಿಗೆ ಇನ್ನೊಂದು ಆಟ’ ಎಂದರೆ ಯಾರು ಯಾರನ್ನು ಹೊಡೆದರು, ಒಬ್ಬರಾ ನಾಲ್ವರಾ, ಒಂದೂ ತಿಳಿಯದು. ‘ಅವರು’ ಎಲ್ಲರನ್ನೂ ಒಳಗೊಳ್ಳುವ ಒಳ್ಳೆಯ ಪದ, ಹೆಣ್ಣು ಗಂಡು ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದವರಿಗೂ ಒಪ್ಪುತ್ತದೆ, ಆದರೆ ಒಂದು ವಾಕ್ಯಕ್ಕೆ ಒಂದು ಸಲ ಸಾಕು. ಉಳಿದ ಕಡೆ ಕೆಲಸ ಹೇಳಿ ಗುರುತಿಸಿ: ‘ಎಸೆದವರು’, ‘ಎದುರಾಳಿ’, ‘ಪಕ್ಕದವರು’. ‘ಎಸೆದವರು ತಮ್ಮ ಕಾಯಿಯಿಂದ ಎದುರಾಳಿಯ ಕಾಯಿ ಹೊಡೆದರೆ, ಎಸೆದವರಿಗೆ ಇನ್ನೊಂದು ಆಟ.’ ಪದ ಮತ್ತೆ ಮತ್ತೆ ಬಂತು ಅಂತ ಬೇಜಾರು ಬೇಡ. ನಿಯಮದ ಹಾಳೆಯಲ್ಲಿ ಅದು ತಪ್ಪಲ್ಲ.

ಕಾಯಿಗೆ ‘ಅದು’, ಸುಮ್ನೆ ಬೇರೆ ಯೋಚನೆ ಬೇಡ. ಆದರೆ ಹುಲಿ-ಕುರಿ ಆಟದಲ್ಲಿ ಹುಷಾರು: ‘ಹುಲಿ’ ಅಂದರೆ ಮಣೆ ಮೇಲಿನ ಕಾಯಿಯಾ, ಅದನ್ನು ಆಡಿಸುವವರಾ? ‘ಹುಲಿ ಆಡಿಸುವವರು’ ಎಂದು ಬಿಡಿಸಿ ಬರೆಯಿರಿ. ರಾಜ ರಾಣಿ ಕಳ್ಳ ಪೊಲೀಸ್ ಆಟದಲ್ಲೂ ಅಷ್ಟೇ. ರಾಜನ ಚೀಟಿ ಹುಡುಗಿಗೂ ಬರುತ್ತದೆ, ಆದ್ದರಿಂದ ‘ರಾಜನ ಚೀಟಿ ಬಂದವರು’.

ಉದಾಹರಣೆ ಕೊಡುವಾಗ ಮಾತ್ರ ಹೆಸರಿಟ್ಟು ಅವನು, ಅವಳು ಎಂದು ಧಾರಾಳವಾಗಿ ಬರೆಯಿರಿ. ‘ಕಾವ್ಯಾಗೆ ಎಂಟು ಬಿತ್ತು, ಅವಳು ಮಂಜುವಿನ ಕಾಯಿ ಹೊಡೆದಳು.’ ಇಲ್ಲಿ ಲಿಂಗ ಗೊತ್ತಾದಷ್ಟೂ ಯಾರ ಮಾತು ಎಂದು ಬೇಗ ತಿಳಿಯುತ್ತದೆ. ಗೆಲ್ಲುವವನು ಯಾವಾಗಲೂ ಮಂಜುವೇ ಆಗದಂತೆ ನೋಡಿಕೊಳ್ಳಿ.

ಬರೆದಾದ ಮೇಲೆ ಕಂಪ್ಯೂಟರಿನಲ್ಲಿ ‘ತ್ತಾನೆ’, ‘ತ್ತಾಳೆ’, ‘ದವನು’, ‘ಅವನ’, ‘ಆಟಗಾರನ’ ಎಂದು ಒಂದೊಂದಾಗಿ ಹುಡುಕಿ. ಉದಾಹರಣೆಯ ಹೊರಗೆ ಎಲ್ಲಿ ಸಿಕ್ಕರೂ ತಿದ್ದಿ. ಆಮೇಲೆ ಆ ಆಟ ಆಡದವರ ಕೈಗೆ ಹಾಳೆ ಕೊಟ್ಟು ಜೋರಾಗಿ ಓದಿಸಿ. ಅವರು ‘ಯಾರು?’ ಎಂದು ಕೇಳಿದ ಜಾಗಕ್ಕೆಲ್ಲ ಗೆರೆ ಹಾಕಿ, ಅಷ್ಟನ್ನೂ ಮತ್ತೆ ಬರೆಯಿರಿ.