ಶಬ್ದವೋ ಶಬ್ಧವೋ? ಪದದ ನಂಟರನ್ನು ಕೇಳಿ

‘ಧನಸಹಾಯ’ ಬರೆಯುವಾಗ ಧಕಾರದ ಹೊಟ್ಟೆ ಸೀಳಲು ಮರೆತರೆ ಹಣದ ಬದಲು ದನ ಬರುತ್ತದೆ. ದನ, ಧನ ಎರಡೂ ನಿಘಂಟಿನಲ್ಲಿರುವ ಪದಗಳೇ. ಹಾಗಾಗಿ ಇಂಥ ತಪ್ಪನ್ನು ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಹಿಡಿಯುತ್ತದೆಂದು ನಂಬಬೇಡಿ.

ಮೊದಲು ಪದ ಅಚ್ಚಗನ್ನಡದ್ದೋ ಸಂಸ್ಕೃತದ್ದೋ ನೋಡಿ. ಅಚ್ಚಗನ್ನಡದಲ್ಲಿ ಮಹಾಪ್ರಾಣ ಬಲು ಅಪರೂಪ. ಎದ್ದ, ಬಿದ್ದ, ಗೆದ್ದ, ಮುದ್ದು: ಇವುಗಳ ಹೊಟ್ಟೆ ಸೀಳುವ ಗೋಜಿಗೇ ಹೋಗಬೇಡಿ. ಬಾರಿ, ಭಾರಿ ಗೊಂದಲಕ್ಕೆ ಇನ್ನೂ ಸುಲಭದ ಉಪಾಯವಿದೆ. ಆ ಜಾಗದಲ್ಲಿ ‘ಸಲ’ ಹಾಕಿ ಓದಿ. ಒಪ್ಪಿದರೆ ಬಾರಿ (ಮೂರನೇ ಬಾರಿ), ಒಪ್ಪದಿದ್ದರೆ ಭಾರಿ (ಭಾರಿ ಮಳೆ).

ಸಂಸ್ಕೃತದ ಪದವಾದರೆ ಅದರ ನಂಟರನ್ನು ಹುಡುಕಿ. ಯುದ್ಧಕ್ಕೆ ಯೋಧ, ಶುದ್ಧಕ್ಕೆ ಶೋಧ, ವಿರುದ್ಧಕ್ಕೆ ವಿರೋಧ, ಬದ್ಧಕ್ಕೆ ಬಂಧನ, ಸಿದ್ಧಕ್ಕೆ ಸಾಧನೆ. ನಂಟನಲ್ಲಿ ಧ ಕಂಡರೆ ಇಲ್ಲಿ ದ್ಧ. ಲಬ್ಧಕ್ಕೆ ಲಾಭ, ಸ್ತಬ್ಧಕ್ಕೆ ಸ್ತಂಭ, ಪ್ರಾರಬ್ಧಕ್ಕೆ ಪ್ರಾರಂಭ. ನಂಟನಲ್ಲಿ ಭ ಇದ್ದರೆ ಬ್ಧ. ಮುಗ್ಧ, ದಗ್ಧ, ಸ್ನಿಗ್ಧಗಳ ನಂಟರು ಮೋಹ, ದಾಹ, ಸ್ನೇಹ. ಹಕಾರವೂ ಇದೇ ಕೆಲಸ ಮಾಡುತ್ತದೆ. ಕಾರಣ ಇಷ್ಟೇ: ‘ಲಭ್’ ಧಾತುವಿಗೆ ‘ತ’ ಸೇರಿದಾಗ ಭಕಾರದ ಉಸಿರು ತಕಾರಕ್ಕೆ ದಾಟಿ ಅದನ್ನು ಧ ಮಾಡುತ್ತದೆ, ಭ ಬರೀ ಬ ಆಗಿ ಉಳಿಯುತ್ತದೆ.

‘ಶಬ್ದ’ಕ್ಕೆ ಅಂಥ ನಂಟನೇ ಇಲ್ಲ. ಆದ್ದರಿಂದ ‘ಶಬ್ಧ’ ತಪ್ಪು, ಎಷ್ಟು ಫಲಕಗಳ ಮೇಲೆ ರಾರಾಜಿಸಿದರೂ. ಶತಾಬ್ದಿಯದೂ ಇದೇ ಕಥೆ. ಅಬ್ದ ಎಂದರೆ ವರ್ಷ, ಅಬ್ಧಿ ಎಂದರೆ ಸಮುದ್ರ. ‘ಶತಾಬ್ಧಿ ಸಮಾರಂಭ’ಕ್ಕೆ ನೂರು ಸಮುದ್ರ ಬೇಕಾದೀತು.

ಗೃಹ, ಗ್ರಹ: ಮನೆಯ ಮಾತಾದರೆ ವಟ್ರಸುಳಿ (ಗೃಹಿಣಿ, ಗೃಹಪ್ರವೇಶ). ಹಿಡಿಯುವ ಅರ್ಥವಿದ್ದರೆ ರಕಾರದ ಒತ್ತು (ಗ್ರಹಣ, ಸಂಗ್ರಹ, ಸತ್ಯಾಗ್ರಹ). ಆಕಾಶದ ಗ್ರಹಗಳೂ ಈ ಗುಂಪಿನವೇ.

ಅಕಾರ ಹಕಾರಕ್ಕೆ ಮಾತ್ರ ಸೂತ್ರ ಸಾಲದು. ಅಕ್ಕಿ ಹಕ್ಕಿಯಾದರೆ ನಕ್ಕು ಸುಮ್ಮನಾಗಬಹುದು, ‘ಆದರದ ಸ್ವಾಗತ’ಕ್ಕೆ ಹಕಾರ ಅಂಟಿದರೆ ಮದುವೆಮನೆಯಲ್ಲಿ ತಲೆಯೆತ್ತುವಂತಿಲ್ಲ. ನಿಮ್ಮ ಮಾತಿನಲ್ಲಿ ಹಕಾರ ಜಾರುವುದಾದರೆ ನೀವೇ ಗಟ್ಟಿಯಾಗಿ ಓದಿಕೊಂಡು ಪ್ರಯೋಜನವಿಲ್ಲ, ಕಿವಿಗೆ ಎರಡೂ ಒಂದೇ. ಕರಡನ್ನು ಹಕಾರ ಸ್ಪಷ್ಟವಾಗಿ ನುಡಿಯುವವರಿಂದ ಓದಿಸಿ, ಆಮೇಲೆ ಅಚ್ಚಿಗೆ ಕೊಡಿ.